ದೃಶ್ಯಸಂವಾದದ ಪಾಠದಲ್ಲಿ ಸನ್ನಿಧಿವಿಚಾರ

ವಾಕ್ಯದಿಂದ ಅರ್ಥಜ್ಞಾನವುಂಟಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳು ಒಡಗೂಡಬೇಕೆಂದು ಶಾಸ್ತ್ರಕಾರರು ನಿರ್ಣಯಿಸಿರುವರು. ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ಇದು ತಿಳಿದ ವಿಷಯವೇ. ಒಂದು ಪದವು ಮತ್ತೊಂದು ಪದವನ್ನು ಬಯಸುವುದು ಆಕಾಂಕ್ಷೆ. ಪದಾರ್ಥಗಳಿಗೆ ಪರಸ್ಪರ ಬಾಧೆಯಿಲ್ಲದಿರುವುದು ಯೋಗ್ಯತೆ. ಪದಗಳು ವಿಳಂಬವಿಲ್ಲದೆ ಉಚ್ಚರಿಸಲ್ಪಡುವುದು ಸನ್ನಿಧಿ. ಹಸುವನ್ನು ತರಬೇಕೆಂಬ ಮಾತಿನ ಒಂದು ಪದವನ್ನು ಈ ಜಾವದಲ್ಲಿಯೂ ಇನ್ನೊಂದನ್ನು ಮುಂದಿನ ಜಾವದಲ್ಲಿಯೂ ನುಡಿದರೆ ಅದರಿಂದ ಯಾವ ಜ್ಞಾನವೂ ಹುಟ್ಟದೆಂದು ಅನ್ನಂಭಟ್ಟನು ತೋರಿಸಿದ ಉದಾಹರಣೆಯು ಪ್ರಸಿದ್ಧವಾಗಿದೆ. ಹಾಗೆ ಜಾವಕ್ಕೊಂದು ಪದವನ್ನು ನುಡಿಯುವ ಮನುಷ್ಯನು ಲೋಕದಲ್ಲಿ ಎಲ್ಲಿರುವನೆಂದು ಪಾಠಶಾಲೆಯ ವಿದ್ಯಾರ್ಥಿಗಳು ನಗುವುದುಂಟು. ೨೦೨೦ನೆಯ ಇಸವಿಯಿಂದೀಚೆಗೆ ಆ ನಗುವಿಗೆ ಎಡೆಯಿಲ್ಲದಂತಾಗಿದೆ. ಮೊಬೈಲ್ ಫೋನಿನ ಮೂಲಕ ಕಾವ್ಯಪಾಠವನ್ನು ಕೇಳಿದ ಯಾವ ವಿದ್ಯಾರ್ಥಿಯಾದರೂ ಕರ್ತೃಪದವನ್ನು ಕೇಳಿ, ಕ್ರಿಯಾಪದಕ್ಕಾಗಿ ನಿಶ್ಚಲವಾದ ಗುರುಮುಖವನ್ನು ನೋಡುತ್ತ ಕುಳಿತ ಅನುಭವವನ್ನು ಹೇಳಬಲ್ಲನು.

ಇಂಥ ಪಾಠವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ವಿದ್ವಾಂಸರಲ್ಲಿ ಕಾಣಬರುತ್ತವೆ. ಗುರುವಿನ ಸನ್ನಿಧಿಯಿಲ್ಲದ ಮೇಲೆ ವಿದ್ಯೆಯೆಲ್ಲಿಯದೆಂದು ಕೆಲವರು ಅದನ್ನು ಪೂರ್ತಿಯಾಗಿ ತಳ್ಳಿಹಾಕುವರು. ಮುಖವೂ ಕಾಣುತ್ತಿದೆ, ಮಾತೂ ಕೇಳುತ್ತಿದೆ, ಇನ್ನೇನು ಕೊರತೆಯೆಂದು ಕೆಲವರು ಅದನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವರು. ಇಬ್ಬರೂ ಸನ್ನಿಧಿಯೆಂದರೆ ದೇಶದ ಸಾಮೀಪ್ಯವೆಂದು ಭಾವಿಸಿರುವುದೇ ಈ ವಿವಾದಕ್ಕೆ ಮೂಲವೆಂದು ತೋರುತ್ತದೆ. ಶಾಸ್ತ್ರದಲ್ಲಿ ಹೇಳಿದ ಸನ್ನಿಧಿಯು ಕಾಲಕ್ಕೆ ಸಂಬಂಧಿಸಿದುದು. ದೃಶ್ಯಸಂವಾದದ ದೋಷವೂ ದೂರದಲ್ಲಿಲ್ಲ, ವಿಳಂಬದಲ್ಲಿದೆ. ಈ ಭೇದವನ್ನು ಮನಸ್ಸಿನಲ್ಲಿಟ್ಟು ನೋಡಿದರೆ, ಸಾಹಿತ್ಯದ ಅಧ್ಯಾಪಕರು ಯಾವುದನ್ನು ಈ ಯಂತ್ರಕ್ಕೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದು ಬಹುಮಟ್ಟಿಗೆ ಸ್ಪಷ್ಟವಾದೀತು. ಕಾರವಾರ ಅಂಕೋಲೆಗಳ ಪ್ರದೇಶವು ಈ ವಿಚಾರಕ್ಕೆ ಒಳ್ಳೆಯ ನಿಕಷವಾಗಿದೆ.

ದೂರದಲ್ಲಿರುವವರಿಗೆ ಯಂತ್ರದ ಮೂಲಕ ಬೋಧಿಸುವ ಪ್ರಯತ್ನವು ಕನ್ನಡನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದುದು ಅಲ್ಲಿಯೇ. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಕಳುಹಿಸಿದಾಗ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ೨೦೦೪ರಲ್ಲಿ ಹಾರಿಸಲ್ಪಟ್ಟ ಎಜುಸ್ಯಾಟ್ ಉಪಗ್ರಹದ ಯೋಜನೆಯ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಪಾಲ್ಗೊಂಡಿತು. ಇವೆಲ್ಲವೂ ಹೆಚ್ಚಾಗಿ ಒಮ್ಮುಖವಾದ ಬೋಧನೆಗಳು. ಅಲ್ಲಿ ಗುರುವಿನ ಮಾತು ತಡವಾಗಿ ಬಂದರೂ ಕೇಳುವವನಿಗೆ ಅದರ ಅರಿವಾಗುವಂತಿರಲಿಲ್ಲ. ಉತ್ತರವನ್ನು ಕಾಯುವವರೇ ಇಲ್ಲದ ಮೇಲೆ ವಿಳಂಬವೆಂಬುದಕ್ಕೆ ಏನರ್ಥ? ವಿಡಿಯೋ ಸಂವಾದವಾದರೋ ಉಭಯಮುಖವಾದುದು. ಅದರ ಗುಣವೂ ದೋಷವೂ ಇಲ್ಲಿಂದಲೇ ಹುಟ್ಟುತ್ತವೆ.

ಕೋವಿಡ್ ಸಾಂಕ್ರಾಮಿಕದ ನಿಮಿತ್ತ ೨೦೨೦ನೆಯ ಮಾರ್ಚ್ ತಿಂಗಳ ಮಧ್ಯದಲ್ಲಿ ಕರ್ನಾಟಕದ ಕಾಲೇಜುಗಳು ಮುಚ್ಚಿದುವು. ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆಯತೊಡಗಿದುದು ಆ ವರ್ಷದ ನವೆಂಬರ್ ೧೭ರಂದು. ೨೦೨೧ರ ಏಪ್ರಿಲಿನಲ್ಲಿ ಎರಡನೆಯ ಸಲ ಮುಚ್ಚಿ ಜುಲೈ ೨೬ರಿಂದ ಪುನಃ ತೆರೆದುವು. ಈ ಅವಧಿಯಲ್ಲಿ ಝೂಮ್, ಗೂಗಲ್ ಮೀಟ್ ಮುಂತಾದ ತಂತ್ರಾಂಶಗಳು ತರಗತಿಯ ಕೋಣೆಗಳಾದುವು. ೨೦೧೯ರ ಡಿಸೆಂಬರಿನಲ್ಲಿ ದಿನವೊಂದಕ್ಕೆ ಸುಮಾರು ಒಂದು ಕೋಟಿಯಷ್ಟಿದ್ದ ಝೂಮ್ ಸಭಾಸದರ ಎಣಿಕೆಯು ನಾಲ್ಕೇ ತಿಂಗಳಲ್ಲಿ ಮೂವತ್ತು ಕೋಟಿಗೇರಿತೆಂದು ಆ ಸಂಸ್ಥೆಯೇ ಪ್ರಕಟಿಸಿತು. ಅದನ್ನು ಹಣಕೊಡದೆ ಬಳಸಿದರೆ ನಲವತ್ತು ನಿಮಿಷಗಳಿಗೆ ಸಭೆಯು ತಾನಾಗಿ ಮುಗಿಯುವ ಕಟ್ಟಳೆಯಿತ್ತು. ಒಂದು ಗಂಟೆಯ ಪಾಠಕ್ಕೆ ಒಗ್ಗಿದ ಅಧ್ಯಾಪಕರ ಪದ್ಯವು ಎಷ್ಟೋ ಸಲ ಮೂರನೆಯ ಪಾದದಲ್ಲಿ ನಿಂತಿತು.

ಕಾರವಾರವೂ ಅಂಕೋಲೆಯೂ ಒಂದೇ ಹೆದ್ದಾರಿಯ ಮೇಲೆ ಸುಮಾರು ೩೫ ಕಿಲೋಮೀಟರ್ ಅಂತರದಲ್ಲಿರುವ ಪಟ್ಟಣಗಳು. ಇಲ್ಲಿಯ ಪದವಿ ಕಾಲೇಜುಗಳು ಘಟ್ಟದ ಮೇಲಿನ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದುವು. ಕಾರವಾರದ ಕೋಡಿಬಾಗದಲ್ಲಿ ಅದೇ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರದ ವಿಭಾಗವಿದೆ. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು, ಹೆಸರೇ ಹೇಳುವಂತೆ, ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ ೧೯೬೬ರಲ್ಲಿ ಹುಟ್ಟಿತು. ಚುಟುಕಗಳ ಕವಿಯೆಂದು ಪ್ರಸಿದ್ಧರಾದ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟಿನ ಮೂಲಕ ಅದನ್ನು ಸ್ಥಾಪಿಸಿದರು. ದೂರದ ಊರಿಗೆ ಹೋಗಿ ಓದಲಾರದ ಹಳ್ಳಿಯ ಮಕ್ಕಳಿಗೆ ವಿದ್ಯೆಯು ಹತ್ತಿರದಲ್ಲಿಯೇ ದೊರೆಯಬೇಕೆಂಬುದು ಅವರ ಶಿಕ್ಷಣಕಾರ್ಯದ ತಿರುಳು. ವಿದ್ಯೆಯನ್ನು ಹತ್ತಿರಕ್ಕೆ ತರಲೆಂದು ಕಟ್ಟಿದ ಕಾಲೇಜು, ಅರ್ಧ ಶತಮಾನದ ಮೇಲೆ ಅದೇ ಮಕ್ಕಳಿಗೆ ಫೋನಿನೊಳಗಿಂದ ಪಾಠಹೇಳಬೇಕಾಗಿ ಬಂದಿತು.

ಹೆದ್ದಾರಿಯ ಬದಿಯ ಊರುಗಳಲ್ಲಿ ಫೋನಿನ ಸಂಪರ್ಕವು ಸಾಧಾರಣವಾಗಿ ದೊರೆಯುತ್ತದೆ. ಆದರೆ ಗಂಗಾವಳಿಯ ಕಣಿವೆಯನ್ನು ಹಿಡಿದು ಪೂರ್ವಕ್ಕೆ ನಡೆದರೆ ಬೇರೊಂದು ಲೋಕ. ಹಿಲ್ಲೂರು, ಅಚವೆ, ಡೋಂಗ್ರಿಗಳ ಕಡೆಗೆ ಹೋದಂತೆಲ್ಲ ಕಾಡೂ ಗುಡ್ಡವೂ ಒತ್ತಾಗುತ್ತವೆ. ಮೊಬೈಲ್ ಫೋನಿನ ಅಲೆಗಳು ಗುಡ್ಡವನ್ನು ಭೇದಿಸಲಾರವು. ಗೋಪುರಕ್ಕೂ ಫೋನಿಗೂ ನಡುವೆ ತೆರಪಿದ್ದರೇ ಒಳ್ಳೆಯದು. ಕಣಿವೆಯ ತಳದಲ್ಲಿರುವ ಮನೆಗೆ ಅವು ತಲಪುವುದಿಲ್ಲ, ಹಿಂದಣ ಗುಡ್ಡದ ನೆತ್ತಿಗೆ ತಲಪುತ್ತವೆ. ಮಳೆಗಾಲದಲ್ಲಿ ಮರಬಿದ್ದು ವಿದ್ಯುತ್ತು ನಿಂತರೆ ಗೋಪುರವೂ ಕೆಲಹೊತ್ತಿನ ಮೇಲೆ ಮೂಕವಾಗುತ್ತದೆ. ಮಲೆನಾಡಿನ ವಿದ್ಯಾರ್ಥಿಗಳು ಗುಡ್ಡವೇರಿ, ಪ್ಲಾಸ್ಟಿಕ್ ಹೊದಿಕೆಯ ಜೋಪಡಿಗಳಲ್ಲಿ ಕುಳಿತು ಪಾಠಕೇಳಿದ ಸಮಾಚಾರವು ೨೦೨೦, ೨೦೨೧ರ ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿತು. ಅರಣ್ಯದಲ್ಲಿ ಕುಳಿತು ವಿದ್ಯೆ ಕಲಿಯುವುದು ಆರ್ಷಸಂಪ್ರದಾಯವೇ ಎಂದು ವಿನೋದಕ್ಕೆ ಹೇಳಬಹುದಾದರೂ, ಅಲ್ಲಿ ಗುರುವೂ ಅರಣ್ಯದಲ್ಲಿಯೇ ಇದ್ದನೆಂಬುದನ್ನು ಮರೆಯಲಾಗದು. ಕಾರವಾರದ ಬೈತಖೋಲದಂಥ ಮೀನುಗಾರರ ಕೇರಿಗಳಲ್ಲಿ ತೊಂದರೆ ಇನ್ನೊಂದು ತೆರನಾದುದು. ಮನೆಗೊಂದೇ ಫೋನು ಇದ್ದಲ್ಲಿ, ಸಾಮಾನ್ಯವಾಗಿ ಜೂನ್ ಜುಲೈಗಳಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಷ್ಟು ಕಾಲ ಅದು ಮನೆಯಲ್ಲಿರುತ್ತದೆ. ಆಗಸ್ಟಿನಲ್ಲಿ ತಂದೆಯೊಡನೆ ಕಡಲಿಗೆ ಹೋಗುತ್ತದೆ. ಆಕಾಂಕ್ಷೆ, ಯೋಗ್ಯತೆಗಳೆರಡೂ ಇರುವ ವಿದ್ಯಾರ್ಥಿನಿಗೆ ಹಾಜರಿಪಟ್ಟಿಯಲ್ಲಿ ಗೈರುಹಾಜರಿಯೆಂದು ಬೀಳುವುದು ಹೀಗೆ.

ಇರಲಿ, ಸಂಪರ್ಕವು ಚೆನ್ನಾಗಿಯೇ ದೊರೆಯಿತೆಂದು ಇಟ್ಟುಕೊಂಡು ಶಬ್ದದ ಗತಿಯನ್ನು ಪರಿಶೀಲಿಸಬಹುದು. ಬೆಳಕಿನ ವೇಗದಲ್ಲಿ ಕಾರವಾರದಿಂದ ಅಂಕೋಲೆಗೆ ಹೋಗಲು ಸೆಕೆಂಡಿನ ಎಂಟು ಸಾವಿರದಲ್ಲೊಂದು ಪಾಲೂ ಹತ್ತಲಾರದು. ಹೀಗಿರಲು ದೂರವು ವಿಳಂಬಕ್ಕೆ ಕಾರಣವೆಂದು ಹೇಳುವುದು ಹೇಗೆ? ಅಧ್ಯಾಪಕರ ಧ್ವನಿಯು ಮೊದಲು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಲ್ಪಡುತ್ತದೆ. ಒಂದೊಂದು ತುಂಡಿನ ಅಳತೆ ಸಾಮಾನ್ಯವಾಗಿ ೨೦ ಮಿಲಿಸೆಕೆಂಡು. ತುಂಡುಗಳು ಅಂಕಿಗಳಾಗಿ, ಗೋಪುರದ ಸರದಿಯನ್ನು ಕಾಯ್ದು, ದೂರದ ಯಾವುದೋ ಮಹಾನಗರದಲ್ಲಿರುವ ಗಣಕಕ್ಕೆ ಹೋಗಿ, ಅಲ್ಲಿಂದ ಅರುವತ್ತು ಕವಲುಗಳಾಗಿ ಒಡೆದು ಅರುವತ್ತು ವಿದ್ಯಾರ್ಥಿಗಳ ಫೋನುಗಳಿಗೆ ಹಿಂದಿರುಗುತ್ತವೆ. ನೆರೆಮನೆಯವನ ಮಾತೂ ಈ ದೇಶಾಟನೆಯನ್ನು ಮುಗಿಸಿಯೇ ಬರಬೇಕು. ಒಂದು ಕಡೆಗೆ ೧೫೦ ಮಿಲಿಸೆಕೆಂಡಿನವರೆಗಿನ ವಿಳಂಬವು ಸಂಭಾಷಣೆಗೆ ಬಾಧಕವಲ್ಲವೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಗೊತ್ತುಮಾಡಿರುವುದು. ಲಘುವೊಂದರ ಉಚ್ಚಾರಣಕ್ಕೆ ಸಾಧಾರಣವಾದ ಓದಿನಲ್ಲಿ ಹಿಡಿಯುವ ಕಾಲವೂ ಹೆಚ್ಚುಕಡಮೆ ಅಷ್ಟೇ. ಆದುದರಿಂದ ಯಂತ್ರಜ್ಞರು ಉಪೇಕ್ಷಿಸಬಹುದೆಂದ ವಿಳಂಬವು ಛಂದಸ್ಸಿನವರಿಗೆ ಒಂದು ಪೂರ್ಣವಾದ ಮಾತ್ರೆಯಾಗುತ್ತದೆ.

ಇಷ್ಟರಲ್ಲಿಯೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಎಲ್ಲ ತುಂಡುಗಳೂ ಸಮವಾಗಿ ತಡವಾದರೆ ಪದ್ಯವು ತಡವಾಗಿ ಕೇಳುವುದೇ ಹೊರತು ಕೆಡುವುದಿಲ್ಲ. ತುಂಡುಗಳು ಒಂದೇ ಗತಿಯಿಂದ ಬರುವುದಿಲ್ಲ. ಕೆಲವು ಬೇಗ, ಕೆಲವು ತಡ, ಕೆಲವು ಬರುವುದೇ ಇಲ್ಲ. ಈ ವೈಷಮ್ಯವನ್ನು ಮರೆಮಾಡಲು ತಂತ್ರಾಂಶಗಳಲ್ಲಿ ಒಂದು ಉಪಾಯವನ್ನು ಅಳವಡಿಸಿದೆ. ಮುಂದಿನ ತುಂಡು ತಡವಾದಾಗ, ಬಂದಿರುವ ಧ್ವನಿಯನ್ನೇ ಶ್ರುತಿ ಕೆಡದಂತೆ ತುಸು ಹಿಗ್ಗಿಸುವುದು. ತುಂಡುಗಳು ಒಮ್ಮೆಗೇ ರಾಶಿಬಿದ್ದಾಗ ತುಸು ಕುಗ್ಗಿಸುವುದು. ಕಳೆದುಹೋದ ತುಂಡಿನ ಎಡೆಯನ್ನು ಹಿಂದಿನದರ ಅನುಕರಣದಿಂದ ತುಂಬುವುದು. ಗದ್ಯವಾದ ವ್ಯವಹಾರದಲ್ಲಿ ಇದು ಅತ್ಯಂತ ಉಪಕಾರಿ. ಕೇಳುವವನಿಗೆ ಗೊತ್ತೇ ಆಗುವುದಿಲ್ಲ. ಪದ್ಯದಲ್ಲಾದರೋ ಹಿಗ್ಗಿದ ಲಘುವು ಗುರುವಿನಂತೆಯೂ ಕುಗ್ಗಿದ ಗುರುವು ಲಘುವಿನಂತೆಯೂ ಕೇಳಬಹುದು. ಹ್ರಸ್ವ ದೀರ್ಘ ಪ್ಲುತಗಳ ಕಾಲವನ್ನು ಅಳೆಯಲು ಕೋಳಿಯ ಕೂಗನ್ನು ಉದಾಹರಿಸುವ ವೈಯಾಕರಣರು, ಕೇಳುವವನ ಕಿವಿಗೆ ಬೀಳುವ ಮೊದಲೇ ಸ್ವರದ ಕಾಲವನ್ನು ತಿದ್ದುವ ಮೂರನೆಯವನೊಬ್ಬನು ನಡುವೆ ನಿಂತಾನೆಂದು ಕನಸಿನಲ್ಲಿಯೂ ಎಣಿಸಿರಲಾರರು.

ಭಾಮಿನೀ ಷಟ್ಪದಿಯನ್ನು ನೋಡಿರಿ. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬಂದು ಹದಿನಾಲ್ಕು ಮಾತ್ರೆಗಳ ಪಾದವಾಗುತ್ತದೆ; ಮೂರನೆಯ ಆರನೆಯ ಪಾದಗಳು ಇಪ್ಪತ್ತಮೂರು ಮಾತ್ರೆಗಳವರೆಗೆ ನೀಳುತ್ತವೆ; ಒಟ್ಟು ನೂರೆರಡು. ಕುಮಾರವ್ಯಾಸನ ಓಟವಿರುವುದು ಮೂರರಿಂದ ನಾಲ್ಕಕ್ಕೆ ಕಾಲಿಡುವ ಆ ಹೆಜ್ಜೆಯಲ್ಲಿ. ಒಂದು ಮಾತ್ರೆಯು ಹೆಚ್ಚಾದರೆ ಮೂರು ನಾಲ್ಕಾಗಿ ಲಯವೇ ಬೇರೆಯಾಗುತ್ತದೆ. ಛಂದಸ್ಸನ್ನು ಬಲ್ಲವನು ಮನಸ್ಸಿನಲ್ಲಿಯೇ ತಿದ್ದಿಕೊಂಡಾನು. ಅದನ್ನು ಆಗತಾನೆ ಕಲಿಯುತ್ತಿರುವವನು ತಪ್ಪನ್ನೇ ಕಲಿತಾನು. ಕಾರವಾರದ ಕಡೆಯಲ್ಲಿ ಇದಕ್ಕೆ ವಿಶೇಷವಾದ ಮಹತ್ತ್ವವಿದೆ. ಅಲ್ಲಿಯ ಅನೇಕ ವಿದ್ಯಾರ್ಥಿಗಳ ಮನೆಮಾತು ಕೊಂಕಣಿ. ಕನ್ನಡದಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವು ಅರ್ಥವನ್ನೇ ಬದಲಿಸುತ್ತದೆ. ಕೊಡುವುದು ಬೇರೆ, ಕೋಡು ಬೇರೆ. ಕೊಂಕಣಿಯಲ್ಲಿ ಈ ಭೇದಕ್ಕೆ ಅಂಥ ಸ್ಥಾನವಿಲ್ಲ. ಆದುದರಿಂದ ಈ ವಿದ್ಯಾರ್ಥಿಗಳು ಅದನ್ನು ಪುಸ್ತಕದಿಂದಲ್ಲ, ಕಿವಿಯಿಂದ ಕಲಿಯಬೇಕಾಗುತ್ತದೆ. ಕಿವಿಗೆ ತಲಪುವ ಸ್ವರದ ಅಳತೆಯೇ ಅನಿಶ್ಚಿತವಾದರೆ ಅವರು ಯಾವುದನ್ನು ಆಧರಿಸಬೇಕು?

ಸಹಪಠನದ ವಿಷಯವು ಇನ್ನೂ ಕಠಿನವಾದುದು. ಪಾಠಶಾಲೆಯಲ್ಲಿ ಗುರುವು ಒಂದು ಸಲ ಹೇಳಿದುದನ್ನು ಶಿಷ್ಯರು ಒಟ್ಟಾಗಿ ಎರಡು ಸಲ ಹೇಳುವ ಸಂತೆಯ ಕ್ರಮವನ್ನು ಎಲ್ಲರೂ ಬಲ್ಲರು. ಅದರಲ್ಲಿ ತಪ್ಪಿದವನ ತಪ್ಪನ್ನು ಮೊದಲು ತಿದ್ದುವುದು ಗುರುವಲ್ಲ, ಪಕ್ಕದವನ ಧ್ವನಿ. ದೃಶ್ಯಸಂವಾದದಲ್ಲಿ ಇದು ನಡೆಯಲಾರದು. ಅರುವತ್ತು ಮಂದಿಯ ಧ್ವನಿಗಳು ಅರುವತ್ತು ಬಗೆಯ ವಿಳಂಬದಿಂದ ಬಂದರೆ ಕೋಲಾಹಲವಲ್ಲದೆ ಪದ್ಯವಾಗದು. ಅದೂ ಅಲ್ಲದೆ ಪ್ರತಿಧ್ವನಿಯನ್ನೂ ಗದ್ದಲವನ್ನೂ ಅಡಗಿಸುವ ಸಲುವಾಗಿ ಯಂತ್ರವು ಒಬ್ಬನ ಮಾತನ್ನು ಎತ್ತಿಹಿಡಿದು ಉಳಿದವರದನ್ನು ಒತ್ತಿಬಿಡುತ್ತದೆ. ಒಂದೇ ಸಮನಾಗಿ ನಿಂತ ಧ್ವನಿಯನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅಳಿಸಲು ಹೊರಡುವುದುಂಟು. ತಂಬೂರಿಯ ಶ್ರುತಿಯೂ ಗಮಕಿಯ ನೀಳವಾದ ಆಲಾಪವೂ ಹೀಗೆ ಕಳಚಿಹೋಗುತ್ತವೆ. ಮೂಲಧ್ವನಿಯನ್ನು ಹಾಗೆಯೇ ಕಳುಹಿಸುವ ಏರ್ಪಾಡು ಝೂಮಿನಲ್ಲಿದೆ. ಗಮಕವನ್ನು ಕಲಿಸುವವರು ಅದನ್ನು ಹುಡುಕಿ ತಿರುಗಿಸಿಕೊಳ್ಳುವುದು ಅವಶ್ಯಕ. ಪಾಣಿನೀಯ ಶಿಕ್ಷೆಯು ಅಧಮಪಾಠಕರಲ್ಲಿ ಎಣಿಸಿದ ಕ್ಷೀಣಕಂಠದವನಿಗೆ ಮಾತ್ರ ಈ ಯಂತ್ರವು ದೊಡ್ಡ ಉಪಕಾರವನ್ನೆಸಗಿದೆ: ಅವನ ಧ್ವನಿಯೂ ಹಿಂದಣ ಬೆಂಚಿಗೆ ಕೇಳುತ್ತದೆ.

ಒಡನೆ ನುಡಿಯುವುದರಿಂದ ಎಷ್ಟು ವಿದ್ಯೆಯು ಉಳಿಯಬಲ್ಲುದೆಂಬುದಕ್ಕೆ ಅಂಕೋಲೆಯಲ್ಲಿಯೇ ಪ್ರತ್ಯಕ್ಷಪ್ರಮಾಣವಿತ್ತು. ಬಡಗೇರಿಯ ಹಾಲಕ್ಕಿ ಒಕ್ಕಲ ಸುಕ್ರಿ ಬೊಮ್ಮಗೌಡ ಅವರು ಶಾಲೆಯ ಓದಿಲ್ಲದೆ ತಮ್ಮ ಜನಾಂಗದ ಅಪಾರವಾದ ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದರು; ೨೦೧೭ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು ೨೦೨೫ರಲ್ಲಿ ತೀರಿಕೊಂಡರು. ಹಾಲಕ್ಕಿ ಹೆಂಗಸರ ಹಾಡುಗಳು ಹಿರಿಯರೊಡನೆ ದನಿಗೂಡಿಸುತ್ತ ಕಲಿತವು. ಅವುಗಳ ಧ್ವನಿಮುದ್ರಿಕೆಯನ್ನು ಕೇಳಿ ಒಬ್ಬಳು ಒಂದು ಹಾಡನ್ನು ಕಲಿಯಬಲ್ಲಳು. ಯಾವ ಹಾಡಿಗೆ ಯಾರು ಎಲ್ಲಿ ದನಿಗೂಡಿಸಬೇಕೆಂಬುದು ಮುದ್ರಿಕೆಯಿಂದ ಬಾರದು, ಸೆಕೆಂಡಿನ ಕಾಲುಭಾಗ ಹಿಂದುಳಿದ ದೃಶ್ಯಸಂವಾದದಿಂದಲೂ ಬಾರದು.

ಇನ್ನು ಆಕಾಂಕ್ಷೆ. ಶಾಸ್ತ್ರದಲ್ಲಿ ಅದು ಪದಗಳ ಧರ್ಮವಾದರೂ, ಅಧ್ಯಾಪನದಲ್ಲಿ ಅದನ್ನು ಶಿಷ್ಯರ ಧರ್ಮವೆಂದು ಗ್ರಹಿಸುವುದು ಅನುಚಿತವಾಗದು. ನುರಿತ ಅಧ್ಯಾಪಕನು ಪಾಠವನ್ನು ಪುಸ್ತಕದಿಂದ ಅರ್ಧ, ಎದುರಿಗಿರುವ ಮುಖಗಳಿಂದ ಅರ್ಧ ಓದುತ್ತಾನೆ. ಹುಬ್ಬು ಗಂಟಿಕ್ಕಿದರೆ ಅನ್ವಯವನ್ನು ಮತ್ತೊಮ್ಮೆ ಹೇಳುತ್ತಾನೆ. ಕಣ್ಣು ಅರಳಿದರೆ ಮುಂದಿನ ಪದ್ಯಕ್ಕೆ ಹೋಗುತ್ತಾನೆ. ಡೇಟಾ ಉಳಿಸಬೇಕೆಂದೋ, ಮನೆಯ ಸ್ಥಿತಿಯು ಸಹಪಾಠಿಗಳ ಕಣ್ಣಿಗೆ ಬೀಳಬಾರದೆಂದೋ ವಿದ್ಯಾರ್ಥಿಗಳು ಕ್ಯಾಮರಾವನ್ನು ಆರಿಸಿಬಿಟ್ಟ ಮೇಲೆ ಅವನೆದುರಿಗೆ ಉಳಿಯುವುವು ಹೆಸರು ಬರೆದ ಕಪ್ಪು ಚೌಕಗಳು. ಇದಕ್ಕಾಗಿ ವಿದ್ಯಾರ್ಥಿಗಳನ್ನು ದೂಷಿಸುವುದು ನ್ಯಾಯವಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಡುಗೆಯ ಹೊಗೆಯೂ ತಮ್ಮತಂಗಿಯರ ಗಲಾಟೆಯೂ ಇರುವಾಗ ಮುಖತೋರೆಂದು ಬಲವಂತಪಡಿಸಲು ಯಾರಿಗೆ ಅಧಿಕಾರವಿದೆ? ಮಧ್ಯದಲ್ಲಿ ಪ್ರಶ್ನೆಕೇಳುವುದೂ ಸುಲಭವಲ್ಲ. ಮ್ಯೂಟ್ ತೆಗೆದು ಬಾಯಿ ತೆರೆಯುವಷ್ಟರಲ್ಲಿ ಗುರುವು ಮುಂದಿನ ವಾಕ್ಯಕ್ಕೆ ಹೋಗಿರುತ್ತಾನೆ. ಇಬ್ಬರೂ ಏಕಕಾಲದಲ್ಲಿ ಮಾತಾಡಿ, ಇಬ್ಬರೂ ನಿಂತು, ಇಬ್ಬರೂ ಮತ್ತೆ ಆರಂಭಿಸುವ ಪ್ರಸಂಗವು ಎಲ್ಲರಿಗೂ ಪರಿಚಿತವಾಗಿದೆ. ವಿಳಂಬದ ಕಾರಣದಿಂದಲೇ ಜಿಜ್ಞಾಸೆಯು ಅಡಗುವುದು.

ಬಾಯಿಬಿಡಲಾರದವರು ಚಾಟಿನಲ್ಲಿ ಬರೆಯುವರು. ಇದರಿಂದ ಒಂದು ಲಾಭವಾಯಿತು: ತರಗತಿಯಲ್ಲಿ ಎಂದೂ ಮಾತಾಡದ ನಾಚಿಕೆಯ ವಿದ್ಯಾರ್ಥಿನಿಯರು ಇಲ್ಲಿ ಪ್ರಶ್ನೆಕೇಳತೊಡಗಿದರು. ನಷ್ಟವೂ ಆಯಿತು. ಫೋನುಗಳಲ್ಲಿ ಕನ್ನಡದ ಕೀಲಿಮಣೆಯಿದ್ದರೂ ಹಲವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವರು. ಆಗ ಹುಲಿಯೂ ಹುಳಿಯೂ ಒಂದೇ ನಾಲ್ಕು ಅಕ್ಷರಗಳಲ್ಲಿ ಅಡಗುತ್ತವೆ. ಕಲೆಗೂ ಕಳೆಗೂ ಭೇದವಿರುವುದಿಲ್ಲ. ಪ್ರಾಸವನ್ನು ಹುಡುಕುವಂತಿಲ್ಲ, ಪ್ರಸ್ತಾರಹಾಕುವಂತಿಲ್ಲ. ಲಕಾರ ಳಕಾರ ೞಕಾರಗಳ ವಿವೇಕಕ್ಕಾಗಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಟ್ಟ ಶ್ರಮವನ್ನು ಬೋಧಿಸುವ ತರಗತಿಯಲ್ಲಿಯೇ ಅದು ಹೀಗೆ ನೀರಪಾಲಾಗುವುದು ವಿಷಾದಕರ. ಇದು ಯಂತ್ರದ ದೋಷವಲ್ಲ, ಅಭ್ಯಾಸದ ದೋಷ. ಮೊದಲನೆಯ ದಿನವೇ ಕನ್ನಡದ ಕೀಲಿಮಣೆಯನ್ನು ಕಲಿಸಿದರೆ ನೀಗುತ್ತದೆ.

ಯೋಗ್ಯತೆಯ ಮಾತಿಗೆ ಬಂದರೆ, ಬೆಂಕಿಯಿಂದ ಗಿಡಕ್ಕೆ ನೀರೆರೆಯಲಾಗದು. ಆದರೆ ಬೆಂಕಿಯಿಂದ ಆಗುವ ಕೆಲಸಗಳು ಬೇಕಾದಷ್ಟಿವೆ. ಪಾಠಾಂತರಗಳ ತುಲನೆ, ಓಲೆಗರಿಯ ಛಾಯಾಚಿತ್ರದ ಪರೀಕ್ಷೆ, ಶಾಸನದ ಪ್ರತಿಕೃತಿಯ ಲಿಪಿವಿಚಾರ ಇವು ದೃಶ್ಯಸಂವಾದದಲ್ಲಿ ತರಗತಿಗಿಂತಲೂ ಚೆನ್ನಾಗಿ ನಡೆಯುತ್ತವೆ. ಕೋಣೆಯಲ್ಲಿ ಮೊದಲ ಬೆಂಚಿನವನಿಗೆ ಮಾತ್ರ ಕಾಣುವ ಅಕ್ಷರವು ಇಲ್ಲಿ ಎಲ್ಲರ ಅಂಗೈಯಲ್ಲಿಯೂ ಒಂದೇ ಅಳತೆಯಲ್ಲಿರುತ್ತದೆ. ಅದನ್ನು ಹಿರಿದುಮಾಡಬಹುದು, ಗುರುತುಹಾಕಬಹುದು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇರುವ ವಿದ್ವಾಂಸರ ಉಪನ್ಯಾಸವನ್ನು ಅಂಕೋಲೆಯ ವಿದ್ಯಾರ್ಥಿಗಳು ಘಟ್ಟ ಹತ್ತದೆ ಕೇಳಬಹುದು. ಸಂಶೋಧನ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯನ್ನು ಈ ಮಾರ್ಗದಿಂದ ನಡೆಸಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೨೦ರ ಏಪ್ರಿಲಿನಲ್ಲಿಯೇ ತಿಳಿಸಿತು. ಇವೆಲ್ಲ ಅರ್ಥಪ್ರಧಾನವಾದ ಕಾರ್ಯಗಳು. ಅರ್ಥವು ಸ್ವಲ್ಪ ತಡವನ್ನು ಸಹಿಸುತ್ತದೆ. ಶಬ್ದಪ್ರಧಾನವಾದ ಕಾರ್ಯವು ಸಹಿಸದು. ಕಾವ್ಯದಲ್ಲಿ ಇವೆರಡೂ ಕೂಡಿಯೇ ಇರುವುದರಿಂದ ಕಾವ್ಯಪಾಠದ ಯಾವ ಭಾಗವು ಯಾವುದೆಂದು ಬಿಡಿಸಿಕೊಳ್ಳುವ ಹೊಣೆಯು ಅಧ್ಯಾಪಕನದೇ.

ಈ ಹೊಣೆಯು ಸಾಂಕ್ರಾಮಿಕದೊಡನೆ ತೀರಿಹೋದುದಲ್ಲ. ೨೦೨೧ರ ಮೇ ತಿಂಗಳಲ್ಲಿ ಆಯೋಗವು ಪ್ರಕಟಿಸಿದ ಕರಡಿನಲ್ಲಿ, ಒಂದೊಂದು ವಿಷಯದ ನೂರಕ್ಕೆ ನಲವತ್ತು ಪಾಲಿನವರೆಗೆ ಆನ್‌ಲೈನ್ ಪಾಠವಾಗಬಹುದೆಂಬ ಸೂಚನೆಯಿತ್ತು. ಯಾವ ನಲವತ್ತು ಎಂಬ ಪ್ರಶ್ನೆಗೆ ಗಣಿತದವರ ಉತ್ತರವೇ ಸಾಹಿತ್ಯದವರದೂ ಆಗಲಾರದು. ಮೊದಲ ನಲವತ್ತು ಗಂಟೆಗಳನ್ನು ಫೋನಿಗೂ ಉಳಿದುದನ್ನು ಕೋಣೆಗೂ ಹಂಚಿಬಿಡುವುದು ಅತ್ಯಂತ ಸುಲಭವಾದ ಮಾರ್ಗ, ಅತ್ಯಂತ ಕೆಟ್ಟದ್ದೂ ಹೌದು. ಓದಿನ ರೂಢಿಯು ಮೊಳೆಯುವುದು ಆ ಮೊದಲ ಗಂಟೆಗಳಲ್ಲಿಯೇ. ಪಂಪನ ಚಂಪಕಮಾಲೆಯನ್ನಾಗಲಿ, ಹರಿಹರನ ರಗಳೆಯನ್ನಾಗಲಿ ಮೊದಲು ಎದುರುಬದುರಾಗಿ ಕುಳಿತು ಬಾಯಿಗೆ ತಂದುಕೊಟ್ಟು, ಕವಿಕಾಲ ಮತಾಂತರ ಪಾಠಭೇದಗಳ ಚರ್ಚೆಯನ್ನು ಆಮೇಲೆ ದೃಶ್ಯಸಂವಾದಕ್ಕೆ ಬಿಟ್ಟರೆ ಹಾನಿಯಿಲ್ಲ.

ಕಾರವಾರ ಅಂಕೋಲೆಗಳಲ್ಲಿ ಮಳೆಯ ರಜೆಗಳು ವರ್ಷವರ್ಷವೂ ಬರುವುವೇ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡಕುಸಿದು ಜೀವಹಾನಿಯಾದುದಲ್ಲದೆ ಹೆದ್ದಾರಿಯೂ ಮುಚ್ಚಿತು. ಅಂಥ ದಿನಗಳಲ್ಲಿ ಕಾಲೇಜಿಗೆ ಬರಲಾರದವರಿಗೆ ಮನೆಗೇ ಪಾಠವನ್ನು ಕಳುಹಿಸುವುದು ಅಗತ್ಯವಾಗುತ್ತದೆ. ನೆಟ್‌ವರ್ಕ್ ಅತ್ಯಂತ ದುರ್ಬಲವಾಗಿರುವುದೂ ಅಂದೇ. ಒಂದು ಗಂಟೆಯ ದೃಶ್ಯಪಾಠಕ್ಕೆ ನಾನೂರು ಐನೂರು ಎಂಬಿ ಡೇಟಾ ಬೇಕಾದೀತು. ಅಧ್ಯಾಪಕನು ತನ್ನ ಕೋಣೆಯಲ್ಲಿ ಕುಳಿತು ಹತ್ತು ಪದ್ಯಗಳನ್ನು ಸ್ಫುಟವಾಗಿ ಓದಿ ಧ್ವನಿಮುದ್ರಿಸಿದರೆ ಹತ್ತು ನಿಮಿಷದ ಓದು ಎರಡು ಎಂಬಿಯೊಳಗೆ ಅಡಗುತ್ತದೆ. ಅದು ಗುಡ್ಡದ ಮನೆಗೆ ನಿಧಾನವಾಗಿ, ರಾತ್ರಿಯಲ್ಲಾದರೂ, ತಲಪುತ್ತದೆ. ಎಲ್ಲ ತುಂಡುಗಳೂ ಬಂದುಸೇರಿದ ಮೇಲೆಯೇ ಬಾಯಿಬಿಡುವುದರಿಂದ ಮಾತ್ರೆಗಳು ಗುರುವು ಇಟ್ಟಲ್ಲಿಯೇ ಇರುತ್ತವೆ. ಮರುದಿನ ಕ್ಯಾಮರಾವನ್ನು ಆರಿಸಿ, ಧ್ವನಿಯೊಂದರಿಂದಲೇ ಅರ್ಧ ಗಂಟೆ ಅರ್ಥವಿಚಾರವನ್ನು ನಡೆಸಬಹುದು. ಒಡನೆ ಓದುವುದನ್ನು ರಸ್ತೆ ತೆರೆಯುವವರೆಗೆ ಕಾಯ್ದಿರಿಸಬೇಕು.